ನನ್ನ ಸಾಲಿನ ಮೇಲಿನ ಸಾಲು

ಕಮಲಾಪುರ
9 ಫೆಬ್ರವರಿ 2025

ಮಂಜುಷಾ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಎಂಟು ತಿಂಗಳಾಯಿತು. ಅದಕ್ಕೆ ಗಾಜಿಪುರದ ನಿನ್ನ ಮನೆಯ ವಿಳಾಸಕ್ಕೆ ರಿಜಿಸ್ಟರ್ ಪೋಸ್ಟ್ ಮಾಡುತ್ತಿದ್ದೇನೆ. ನೀನು ಸಹಿ ಮಾಡಿಯೇ ತೆಗೆದುಕೊಳ್ಳಬೇಕು. ಆಮೇಲೆ ಬಂದೇ ಇಲ್ಲ ಎನ್ನಲು ಬರುವುದಿಲ್ಲ.

ನಾನೀಗ ಇಲ್ಲಿ ಬಸ್ ನಿಲ್ದಾಣದ ಎದುರಿನ ತರಬೇತಿ ಕೇಂದ್ರದಲ್ಲಿ ಜಾವಾಸ್ಕ್ರಿಪ್ಟ್ ಕಲಿಸುತ್ತೇನೆ. ಹದಿನಾಲ್ಕು ಹುಡುಗಿಯರು, ಆರು ಕಂಪ್ಯೂಟರ್. ಕಳೆದ ಮಂಗಳವಾರದ ಪಾಠ ನಿನಗೂ ನೆನಪಿರುವಂಥದ್ದೇ, ಬರೆದಲ್ಲೇ ತಾನಾಗಿ ಓಡುವ ಫಂಕ್ಷನ್. ಡಿಪ್ಲೊಮಾ ಎರಡನೇ ವರ್ಷದಲ್ಲಿ ಲ್ಯಾಬಿನ ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ನಿನಗೆ ಕಲಿಸಿದವಳು ನಾನು. ಒಂದು ಕೆಲಸದ ಆಜ್ಞೆಗಳನ್ನೆಲ್ಲ ಕಟ್ಟಿ ಫಂಕ್ಷನ್ ಬರೆದಿಟ್ಟರೆ ಸುಮ್ಮನೆ ಕೂತಿರುತ್ತದೆ, ಹೆಸರು ಹಿಡಿದು ಕರೆದಾಗ ಮಾತ್ರ ಏಳುತ್ತದೆ. ಅದನ್ನು ಪೂರ್ತಿಯಾಗಿ ಒಂದು ಬ್ರ್ಯಾಕೆಟ್ಟಿನೊಳಗೆ ಇಟ್ಟು, ಬೆನ್ನಿಗೆ ಇನ್ನೊಂದು ಖಾಲಿ ಬ್ರ್ಯಾಕೆಟ್ ಹಚ್ಚಿದರೆ ಕರೆಯುವವರೇ ಬೇಕಿಲ್ಲ, ಕಂಪ್ಯೂಟರ್ ಆ ಸಾಲಿಗೆ ಬಂದ ಕೂಡಲೇ ಓಡುತ್ತದೆ. ಹುಡುಗಿಯರಿಗೂ ಹಾಗೇ ಹೇಳಿಕೊಟ್ಟೆ.

ಅಲ್ಫಿಯಾ ಎಂಬ ಹುಡುಗಿ ನಾನು ಹೇಳಿದಂತೆಯೇ ಬರೆದಿದ್ದಳು. ಓಡಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬಂದ ತಪ್ಪು ಯಾವುದು ಗೊತ್ತೇ? ‘ಇದು ಫಂಕ್ಷನ್ ಅಲ್ಲ.’ ಹೋದ ವರ್ಷ ಜೂನ್ ಹನ್ನೆರಡರಂದು ನಮ್ಮ ವೆಬ್ ಪುಟದಲ್ಲಿ ಬಂದಿದ್ದೂ ಅದೇ. ಅರ್ಧ ಗಂಟೆ ಅವಳ ಫಂಕ್ಷನ್ನನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅದರಲ್ಲಿ ತಪ್ಪಿರಲಿಲ್ಲ. ಕಡೆಗೆ ಅವಳೇ ಕೇಳಿದಳು, “ಮೇಡಂ, ಮ್ಯಾಲಿನ ಸಾಲಿಗಿ ಸೆಮಿಕೋಲನ್ ಹಾಕಿಲ್ರಿ. ಅದಕ್ಕೇನಾರ ಆಗ್ತದೇನ್ರಿ?”

ಆಗುತ್ತದೆ ಮಂಜುಷಾ. ಹೀಗೆ ಆಗುತ್ತದೆ:

window.showSeats = function () {
  …
}
(function () {
  …
})();

ಮೊದಲ ಮೂರು ಸಾಲು ನಿನ್ನದು, ಆಮೇಲಿನದು ನನ್ನದು. ನಿನ್ನ ಕೊನೆಯ ಸಾಲಿನಲ್ಲಿ ಮಾತು ಮುಗಿಸುವ ಸೆಮಿಕೋಲನ್ ಇಲ್ಲ. ಹಾಗಾಗಿ ನಿನ್ನ ಮಾತು ಮುಗಿಯಿತೆಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ನನ್ನ ಬ್ರ್ಯಾಕೆಟ್ ಕಂಡೊಡನೆ ಅದು ನಿನ್ನ ಫಂಕ್ಷನ್ನನ್ನೇ ಕರೆಯುತ್ತಿದ್ದಾರೆ ಎಂದುಕೊಂಡು, ನನ್ನದನ್ನು ಎತ್ತಿ ನಿನ್ನದರ ಬಾಯಿಗೆ ಹಾಕುತ್ತದೆ. ಇಡೀ ಪುಟ ಸಾಯುತ್ತದೆ. ತಪ್ಪು ತೋರಿಸುವುದು ಮಾತ್ರ ನನ್ನ ಸಾಲಿನಲ್ಲಿ.

ಆ ದಿನದ ಫೈಲುಗಳು ನನ್ನ ಮೇಲ್‌ನಲ್ಲಿ ಇನ್ನೂ ಇವೆ. ತೆಗೆದು ನೋಡಿದೆ. ಬೇರೆ ಬೇರೆ ಇದ್ದಾಗ ನಿನ್ನದೂ ಸರಿ, ನನ್ನದೂ ಸರಿ. ಹಿಂದಿನ ಸಂಜೆ ಎರಡನ್ನೂ ಒಂದೇ ಫೈಲಿಗೆ ಜೋಡಿಸಿದವಳು ನೀನು.

ಮರೆತಿದ್ದರೆ ನೆನಪಿಸುತ್ತೇನೆ. ಕಲಬುರಗಿಯ ಹೆಣ್ಣುಮಕ್ಕಳ ವಸತಿನಿಲಯದ ಅರವತ್ತು ಸೀಟು. ಹತ್ತು ಗಂಟೆಗೆ ಅರ್ಜಿ ಶುರು, ಮೊದಲು ಬಂದವರಿಗೆ ಮೊದಲು. ನಮ್ಮ ಆಫೀಸು ಮಾಡಿದ ಪುಟದಲ್ಲಿ ಒಂದು ಬಟನ್ನೂ ಒತ್ತಲು ಬರಲಿಲ್ಲ. ವಸತಿನಿಲಯ ನಡೆಸುವ ಟ್ರಸ್ಟಿನವರು ಕಾದು ಕಾದು ಗೇಟಿನಲ್ಲೇ ಕೈಯಿಂದ ಫಾರಂ ಹಂಚಿದರು. ಸುದ್ದಿ ಹಳ್ಳಿಗಳಿಗೆ ಮುಟ್ಟುವಷ್ಟರಲ್ಲಿ ಸೀಟು ಮುಗಿದಿದ್ದವು. ಸಂಜೆ ಆಫೀಸಿನ ಮಾಲೀಕರಾದ ನಿಮ್ಮ ಕಾಕಾ, ವೇದವ್ಯಾಸ ಸರ್, ನನ್ನ ಮುಂದೆ ಬಿಳಿ ಹಾಳೆ ಇಟ್ಟು, ‘ನನ್ನ ಅಜಾಗರೂಕತೆಯಿಂದ ಹೀಗಾಯಿತು’ ಎಂದು ನನ್ನ ಕೈಯಲ್ಲೇ ಬರೆಸಿ ಸಹಿ ಹಾಕಿಸಿದರು. ಮರುದಿನದಿಂದ ಬರಬೇಡ ಎಂದರು. ನೀನು ಪಕ್ಕದ ಕುರ್ಚಿಯಲ್ಲೇ ಇದ್ದೆ.

ನನಗೆ ಕ್ಷಮೆ ಬೇಡ. ಟ್ರಸ್ಟಿನ ಕಾರ್ಯದರ್ಶಿ ಇಂದೂಬಾಯಿಯವರಿಗೆ ನೀನು ನಿನ್ನ ಕೈಯಾರೆ ನಿಜ ಬರೆದುಕೊಡಬೇಕು. ಹದಿನೈದು ದಿನ ಕಾಯುತ್ತೇನೆ.

ಮಲ್ಲಿಕಾ


ಗಾಜಿಪುರ, ಕಲಬುರಗಿ
21 ಫೆಬ್ರವರಿ 2025

ಪ್ರಿಯ ಮಲ್ಲಿಕಾ,

ಪತ್ರ ತಲುಪಿತು. ಅದರಲ್ಲಿ ನನ್ನ ಹಳೆಯ ಗೆಳತಿಯನ್ನು ಹುಡುಕಿದೆ, ಸಿಗಲಿಲ್ಲ.

ನೀನು ಹೇಳಿದ್ದು ಆಗಿರಬಹುದು. ಆದರೆ ತಿಳಿದವರು ಅಂಥ ಫಂಕ್ಷನ್ ಬರೆಯುವಾಗ ಅದರ ಮುಂದೆಯೇ ಒಂದು ಸೆಮಿಕೋಲನ್ ಹಾಕಿರುತ್ತಾರೆ, ಮೇಲಿನ ಫೈಲು ಹೇಗಿದ್ದರೂ ತನ್ನದು ಕೆಡದಿರಲಿ ಎಂದು. ನೀನು ಹಾಕಿರಲಿಲ್ಲ. ತಪ್ಪನ್ನು ಅಳೆಯಲು ಕೂತರೆ ಇಬ್ಬರದೂ ಇದೆ. ಯಾರದು ಹೆಚ್ಚು, ಯಾರದು ಕಡಿಮೆ ಎಂದು ಈಗ ಜಗಳವಾಡಿ ಏನು ಬಂತು?

ಕಾಕಾಗೆ ವಯಸ್ಸಾಗಿದೆ. ಯುಗಾದಿಯಿಂದ ಆಫೀಸನ್ನು ನಾನೇ ನೋಡಿಕೊಳ್ಳಬೇಕೆಂದು ಮನೆಯಲ್ಲಿ ಮಾತಾಗಿದೆ. ನೀನು ಮನಸ್ಸು ಮಾಡಿದರೆ ವಾಪಸ್ ಬಾ. ನಿನ್ನ ಕುರ್ಚಿ ಹಾಗೇ ಇದೆ. ಆಫೀಸಿನಲ್ಲಿ ಕುಲ್ಸುಮ್ ಕೂಡ ನಿನ್ನನ್ನು ನೆನೆಸುತ್ತಿರುತ್ತಾಳೆ.

ಹಳೆಯದನ್ನು ಬಿಟ್ಟುಬಿಡು. ಅಪ್ಪ ಅವ್ವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಮಂಜುಷಾ


ಕಮಲಾಪುರ
2 ಮಾರ್ಚ್ 2025

ಮಂಜುಷಾ,

ನಿನ್ನ ಕುರ್ಚಿ ನಿನಗೇ ಇರಲಿ.

ಮುಂದೊಂದು ಸೆಮಿಕೋಲನ್ ಹಾಕಬೇಕಿತ್ತು ಎಂದೆಯಲ್ಲ, ಒಪ್ಪಿದೆ. ಪಕ್ಕದವರನ್ನು ನಂಬಬಾರದಿತ್ತು ಎಂದು ಹೇಳುತ್ತಿದ್ದೀಯ. ಆಗ ಆ ಬುದ್ಧಿ ನನಗಿರಲಿಲ್ಲ.

ಕಳೆದ ಪತ್ರದಲ್ಲಿ ಒಂದು ಮಾತನ್ನು ಬೇಕೆಂದೇ ಬರೆದಿರಲಿಲ್ಲ. ನೀನು ಏನು ಹೇಳುತ್ತೀಯೋ ಮೊದಲು ನೋಡೋಣವೆಂದು. ‘ಆಗಿರಬಹುದು’ ಎಂದು ಬರೆದೆ. ಆಗಿದ್ದು ನಿನಗೆ ಆವತ್ತೇ ಗೊತ್ತಿತ್ತು. ಆ ಪುಟ ಈಗಲೂ ಇಂಟರ್ನೆಟ್ಟಿನಲ್ಲಿದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಅದರಲ್ಲಿ ನಿನ್ನ ಸಾಲಿನ ಕೊನೆಗೆ ಸೆಮಿಕೋಲನ್ ಇದೆ. ಫೈಲನ್ನು ಕೊನೆಯ ಸಲ ಬದಲಿಸಿದ ವೇಳೆಯನ್ನೂ ಸರ್ವರ್ ಹೇಳುತ್ತದೆ. ನಮ್ಮ ಗಡಿಯಾರಕ್ಕೆ ಹೊಂದಿಸಿದರೆ ಜೂನ್ ಹನ್ನೆರಡು, ಮಧ್ಯಾಹ್ನ ಎರಡು ನಲವತ್ತು.

ನನ್ನಿಂದ ಸಹಿ ಹಾಕಿಸಿದ್ದು ನಾಲ್ಕು ಗಂಟೆಗೆ.

ಒಂದು ಗಂಟೆ ಇಪ್ಪತ್ತು ನಿಮಿಷ ನಿನಗೆ ಗೊತ್ತಿತ್ತು. ನಾನು ಬರೆಯುವಾಗ ಪೆನ್ನು ನಿಂತಿತು. ನಿನ್ನ ಪೆನ್ನು ಕೊಟ್ಟೆಯಲ್ಲ, ಆಗಲೂ ಗೊತ್ತಿತ್ತು. ಸೆಮಿಕೋಲನ್ ಮರೆಯುವುದು ಯಾರಿಗೂ ಆಗುತ್ತದೆ. ಅದನ್ನು ನಾನು ಒಂದು ದಿನದಲ್ಲಿ ಮರೆಯುತ್ತಿದ್ದೆ. ಪೆನ್ನು ಕೊಟ್ಟಿದ್ದನ್ನು ಮರೆಯುವುದಿಲ್ಲ.

ನನ್ನ ತಂಗಿ ರಾಜೇಶ್ರೀಯ ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ಆ ಅರವತ್ತು ಸೀಟಿನಲ್ಲಿ ಒಂದು ಅವಳಿಗೆ ಬೇಕಿತ್ತು. ಪಿಯುಸಿ ಸೈನ್ಸಿನಲ್ಲಿ ಎಂಬತ್ತೆಂಟು ಪರ್ಸೆಂಟ್. ಆ ಬೆಳಿಗ್ಗೆ ಅಪ್ಪನ ಫೋನನ್ನು ಅವಳ ಕೈಗೆ ಕೊಟ್ಟು ಅಪ್ಪ ಅವ್ವ ಇಬ್ಬರೂ ಬಾಳೆತೋಟಕ್ಕೆ ಹೋಗಿದ್ದರು. ಸೀಟು ಸಿಗಲಿಲ್ಲ. ದಿನಾ ಬಸ್ಸಿನಲ್ಲಿ ಕಲಬುರಗಿಗೆ ಕಳಿಸುವುದಿಲ್ಲ ಎಂದು ಅಣ್ಣ ರೇವಣ ಹಟ ಹಿಡಿದ. ಈಗ ಇಲ್ಲೇ ಕಮಲಾಪುರದಲ್ಲಿ ಬಿ.ಎ. ಓದುತ್ತಾಳೆ. ಅಕ್ಕನ ತಪ್ಪಿನಿಂದ ತಂಗಿಯ ಓದು ಹೋಯಿತು ಎಂದು ಊರು ಮಾತಾಡಿತು. ಅವ್ವ ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಏಪ್ರಿಲ್ ಐದರಂದು ಟ್ರಸ್ಟಿನ ಸಭೆಯಲ್ಲಿ ನೀನು ಹೊಸ ಪುಟ ತೋರಿಸಲಿದ್ದೀಯ ಎಂದು ತಿಳಿದಿದೆ. ಹದಿನೈದು ದಿನದ ಗಡುವು ಮುಗಿದಿದೆ. ಇನ್ನು ನೀನು ಬರೆದುಕೊಟ್ಟರೂ ನನಗೆ ಸಾಲದು.

ಮಲ್ಲಿಕಾ


ಗಾಜಿಪುರ, ಕಲಬುರಗಿ
16 ಮಾರ್ಚ್ 2025

ಮಲ್ಲಿಕಾ,

ಇದನ್ನು ಮನೆಯವರ ಕಣ್ಣು ತಪ್ಪಿಸಿ ಬರೆಯುತ್ತಿದ್ದೇನೆ.

ಹೌದು, ಎರಡು ನಲವತ್ತಕ್ಕೆ ಗೊತ್ತಾಯಿತು. ಸೆಮಿಕೋಲನ್ ಹಾಕಿದೆ, ಪುಟ ಎದ್ದು ಕೂತಿತು. ಓಡಿ ಹೋಗಿ ಕಾಕಾಗೆ ಹೇಳಿದೆ. ಹೇಳಲಿಲ್ಲ ಎಂದುಕೊಳ್ಳಬೇಡ. ಮೊದಲು ಹೇಳಿದ್ದೇ ಅವರಿಗೆ. ಅವರು ಬಾಗಿಲು ಹಾಕಿ ಬಂದು, “ಸುಮ್ನಿರು ಮಂಜು. ಆ ಹುಡುಗಿಗಿ ಎಲ್ಲ್ಯಾರ ಕೆಲಸ ಸಿಗ್ತದ. ನಮ್ಮ ಮನಿ ಹೆಸರು ಒಮ್ಮೆ ಹೋದ್ರ ಬರೂದಿಲ್ಲ,” ಅಂದರು. ಅಪ್ಪ ತೀರಿದ ಮೇಲೆ ನನ್ನನ್ನು ಓದಿಸಿದವರು ಅವರು. ಅವರ ಮಾತಿಗೆ ನಾನು ಎಂದೂ ಇಲ್ಲ ಎಂದವಳಲ್ಲ.

ನಿನ್ನ ನಂಬರ್ ಬ್ಲಾಕ್ ಮಾಡಿದ್ದು ಸೊಕ್ಕಿನಿಂದಲ್ಲ. ನಿನ್ನ ದನಿ ಕೇಳಿದ್ದರೆ ಹೇಳಿಬಿಡುತ್ತಿದ್ದೆ.

ರಾಜೇಶ್ರೀಯ ವಿಷಯ ಗೊತ್ತಿರಲಿಲ್ಲ.

ಸಭೆಗೆ ಬರಬೇಡ ಮಲ್ಲಿಕಾ. ನಾನೇ ಕಮಲಾಪುರಕ್ಕೆ ಬರುತ್ತೇನೆ. ನಿಮ್ಮ ಅವ್ವನ ಮುಂದೆ, ರಾಜೇಶ್ರೀಯ ಮುಂದೆ ನಿಜ ಹೇಳುತ್ತೇನೆ. ಕಾಕಾನ ಹೆಸರು ಮಾತ್ರ ಹತ್ತು ಜನರ ಮುಂದೆ ತರಬೇಡ. ಇದೊಂದನ್ನು ಕೇಳುತ್ತೇನೆ. ಉತ್ತರ ಬರೆ.

ಮಂಜುಷಾ


ಗಾಜಿಪುರ, ಕಲಬುರಗಿ
9 ಏಪ್ರಿಲ್ 2025

ಮಲ್ಲಿಕಾ,

ಉತ್ತರ ಬರೆಯಲಿಲ್ಲ. ಸಭೆಗೆ ನೀನೇ ಬಂದೆ.

ನಿನ್ನ ಕೈಯಲ್ಲಿ ಹಳದಿ ಫೈಲು ನೋಡಿದಾಗಲೇ ಕಾಕಾಗೆ ತಿಳಿಯಿತು. ನೀನು ಎಷ್ಟು ಚೆನ್ನಾಗಿ ತಿಳಿಸಿ ಹೇಳಿದೆ! ಕಂಪ್ಯೂಟರ್ ಮುಟ್ಟದ ಟ್ರಸ್ಟಿನ ಹಿರಿಯರಿಗೂ ಬ್ರ್ಯಾಕೆಟ್ ಎಂದರೇನು, ಸೆಮಿಕೋಲನ್ ಎಂದರೇನು ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹಿಂದಿನ ಬೆಂಚಿನಲ್ಲಿ ನನಗೂ ಹಾಗೇ ತಿಳಿಸಿ ಹೇಳಿದ್ದೆ. ಆಮೇಲೆ ಸೀಟು ತಪ್ಪಿದ ಹಳ್ಳಿಯ ಹುಡುಗಿಯರ ಪಟ್ಟಿ ಓದಿದೆ. ಒಂಬತ್ತು ಹೆಸರು. ಮೊದಲನೆಯದು ರಾಜೇಶ್ರೀ.

ಇಂದೂಬಾಯಿ ನಲವತ್ತು ವರ್ಷ ಹೆಡ್ಮೇಡಂ ಆಗಿದ್ದವರು. ದನಿ ಏರಿಸಲಿಲ್ಲ. ನನ್ನನ್ನು ನಿಲ್ಲಿಸಿ ಕೇಳಿದರು.

“ಈ ಸೆಮಿಕೋಲನ್ ಎಷ್ಟಕ್ಕ ಹಾಕಿದಿ?”

“ಎರಡು ನಲವತ್ತಕ್ಕ್ರಿ.”

“ಈಕಿ ಸಹಿ ಮಾಡಿದ್ದು?”

“ನಾಲ್ಕಕ್ಕ್ರಿ.”

“ನಡುವ ಏನ್ ಮಾಡ್ದಿ?”

ನಾನು ಕಾಕಾನ ಕಡೆ ನೋಡಿದೆ. ಅವರು ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದರು. ಇಂದೂಬಾಯಿ ಕನ್ನಡಕ ತೆಗೆದು ಒರೆಸಿಕೊಂಡು, ಆಯಿತು, ಕೂತುಕೋ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಟ್ರಸ್ಟಿನ ಕೆಲಸ ಹೋಯಿತು. ಮೂರೇ ದಿನದಲ್ಲಿ ಎರಡು ಕಾಲೇಜಿನವರು ಫೋನ್ ಮಾಡಿ ತಮ್ಮ ಕೆಲಸವನ್ನೂ ಬೇರೆಯವರಿಗೆ ಕೊಡುತ್ತೇವೆ ಎಂದರು. ಕಾಕಾ ಐವಾನ್-ಎ-ಶಾಹಿ ಬಡಾವಣೆಯ ಆಫೀಸಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಮನೆಯಲ್ಲಿ ಯಾರ ಜೊತೆಯೂ ಮಾತಿಲ್ಲ. ಕುಲ್ಸುಮ್‌ಗೆ ಬೇರೆ ಕೆಲಸ ನೋಡಿಕೋ ಎಂದು ನಾನೇ ಹೇಳಬೇಕಾಯಿತು. ಅವಳು ನಿನಗೆ ಏನು ಅನ್ಯಾಯ ಮಾಡಿದ್ದಳು?

ಮೆಟ್ಟಿಲು ಇಳಿಯುವಾಗ ನೀನು ನಕ್ಕೆ. ಕಿಟಕಿಯಿಂದ ನೋಡಿದೆ.

ಮಂಜುಷಾ


ಕಮಲಾಪುರ
20 ಏಪ್ರಿಲ್ 2025

ಮಂಜುಷಾ,

ಹೌದು, ನಕ್ಕೆ. ಹತ್ತು ತಿಂಗಳಾದ ಮೇಲೆ ನಕ್ಕೆ.

ಕುಲ್ಸುಮ್‌ಳನ್ನು ನನ್ನ ಲೆಕ್ಕಕ್ಕೆ ಹಾಕಬೇಡ. ನಿಮ್ಮ ಮನೆಯ ಹೆಸರು ಉಳಿಸಲು ಹೋಗಿ ಅವಳ ಕೆಲಸ ಕಳೆದವರು ನೀವು. ಅವಳು ಮೊನ್ನೆ ನನಗೆ ಫೋನ್ ಮಾಡಿದ್ದಳು. ನನ್ನ ಮೇಲೂ ಸಿಟ್ಟಿದೆ ಅವಳಿಗೆ. ಇರಲಿ.

ಇಂದೂಬಾಯಿ ನನ್ನ ಕೈಬರಹದ ಆ ಹಾಳೆಯನ್ನು ನನ್ನೆದುರೇ ಹರಿದರು. ವಸತಿನಿಲಯದ ಪುಟದ ಕೆಲಸವನ್ನು ನನಗೇ ಕೊಟ್ಟಿದ್ದಾರೆ. ಆ ಒಂಬತ್ತು ಹುಡುಗಿಯರಲ್ಲಿ ಯಾರು ಮತ್ತೆ ಓದಲು ಬಂದರೂ ಈ ವರ್ಷ ಸೀಟು ಮೀಸಲು ಎಂದಿದ್ದಾರೆ. ಅಪ್ಪ ಅದನ್ನು ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ಅವ್ವ ಹೊಸ ಟ್ರಂಕು ತರಿಸಿದ್ದಾಳೆ. ಎರಡು ಕೌದಿ ಹೊಲಿದಿದ್ದಾಳೆ. ರೇವಣನ ಬಾಯಿ ಕಟ್ಟಿದೆ.

ನಿಮ್ಮ ಕಾಕಾ ಮನೆಯಲ್ಲಿ ಮಾತಾಡುತ್ತಿಲ್ಲ ಎಂದು ಬರೆದೆ. ನಮ್ಮ ಅವ್ವ ನನ್ನ ಜೊತೆ ಮಾತಾಡದ ಮೂರು ತಿಂಗಳು ನಾನು ಹೇಗೆ ಕಳೆದೆ ಎಂದು ಕೇಳು, ಹೇಳಿಕೊಡುತ್ತೇನೆ.

ಇನ್ನು ಬರೆಯುವುದಿಲ್ಲ. ನನಗೆ ಬರಬೇಕಾದದ್ದು ಬಂತು.

ಮಲ್ಲಿಕಾ


ಕಮಲಾಪುರ
11 ಜೂನ್ 2025

ಮಂಜುಷಾ,

ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ.

ಹತ್ತು ದಿನದ ಹಿಂದೆ ರಾಜೇಶ್ರೀಯ ಟ್ರಂಕು ತುಂಬುತ್ತಿದ್ದೆವು. ಅವ್ವ ನೀರು ತರಲು ಹೊರಗೆ ಹೋಗಿದ್ದಳು. ರಾಜೇಶ್ರೀ ಮಡಚಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಚುತ್ತಾ ಕೂತಿದ್ದಳು. ಏನೆಂದು ಕೇಳಿದೆ. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಹೇಳಿದಳು.

“ಅಕ್ಕಾ, ನಾ ಆವತ್ತ ಫೋನೇ ಮುಟ್ಟಿಲ್ಲ.”

ನನಗೆ ತಿಳಿಯಲಿಲ್ಲ.

“ಹತ್ತಕ್ಕ ತೆರೀಬೇಕಂತ ಗೊತ್ತಿತ್ತು. ಫೋನ್ ಬಂದ್ ಮಾಡಿ ಕಪಾಟಿನ್ಯಾಗ ಇಟ್ಟು ಗೆಳತಿ ಮನಿಗಿ ಹೋಗಿದ್ದೆ. ನನಗ ಸೈನ್ಸ್ ಬ್ಯಾಡಾಗಿತ್ತು. ಹೇಳಿದ್ರ ಯಾರೂ ಕೇಳ್ತಿದ್ದಿಲ್ಲ. ಸಂಜಿಕಿ ಬಂದ್ರ ನಿಮ್ಮ ಪುಟಾನೇ ನಡೀಲಿಲ್ಲ ಅಂತ ಎಲ್ಲಾರೂ ಮಾತಾಡಾಕತ್ತಿದ್ರು. ನಾ ಸುಮ್ನ ಕುಂತೆ.”

ಮೂರು ತಿಂಗಳು ಅವ್ವ ನನ್ನನ್ನು ದೂರವಿಟ್ಟಾಗ ಇವಳು ಅದೇ ಮನೆಯಲ್ಲಿ ನನ್ನ ಪಕ್ಕದಲ್ಲೇ ಉಂಡಳು, ಮಲಗಿದಳು. ಒಂದು ಮಾತು ಹೇಳಲಿಲ್ಲ.

ಬೈಯಬೇಕಿತ್ತು. ಹೊಡೆಯಲೂ ಕೈ ಎತ್ತಿದೆ. ಅಷ್ಟರಲ್ಲಿ ಅವ್ವ ಕೊಡ ಹೊತ್ತು ಒಳಗೆ ಬಂದಳು. ನಾನು ರಾಜೇಶ್ರೀಗೆ ಮೆಲ್ಲಗೆ ಹೇಳಿದ್ದೇನು ಗೊತ್ತೇ? “ಈ ಮಾತು ಇಲ್ಲೇ ಬಿಡು. ಅವ್ವಗೂ ಹೇಳಬ್ಯಾಡ, ಯಾರಿಗೂ ಹೇಳಬ್ಯಾಡ.” ಹೇಳಿ, ಅವಳ ಬಟ್ಟೆಯನ್ನು ನಾನೇ ಟ್ರಂಕಿನೊಳಗೆ ಇಟ್ಟೆ.

ಆಮೇಲೆ ಎರಡು ಸಲ ಕಲಬುರಗಿಗೆ ಬಂದೆ, ಇಂದೂಬಾಯಿಯವರಿಗೆ ಹೇಳಬೇಕೆಂದು. ಮೊದಲ ಸಲ ಬಸ್ ನಿಲ್ದಾಣದಿಂದಲೇ ವಾಪಸ್ಸಾದೆ. ಎರಡನೆಯ ಸಲ ಅವರ ಎದುರೇ ಕೂತೆ. ಚಹಾ ಕೊಟ್ಟು, ತಂಗಿ ಯಾವಾಗ ಬರುತ್ತಾಳೆ ಎಂದು ಕೇಳಿದರು. ಮುಂದಿನ ವಾರ ಎಂದು ಹೇಳಿ ಬಂದೆ.

ಹತ್ತು ಜನರ ಮುಂದೆ ನಾನು ಓದಿದ ಪಟ್ಟಿಯ ಮೊದಲ ಹೆಸರು ಸುಳ್ಳು. ಓದಿದಾಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದ್ದೂ ಸುಮ್ಮನಿದ್ದೇನೆ, ಇವತ್ತಿಗೆ ಹತ್ತು ದಿನ. ನೀನು ಸುಮ್ಮನಿದ್ದ ಹೊತ್ತನ್ನು ನಿಮಿಷ ಎಣಿಸಿ ಬರೆದವಳು ನಾನು.

ಇದರಿಂದ ನಿನ್ನ ತಪ್ಪು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಉಳಿದ ಎಂಟು ಹುಡುಗಿಯರು ನಿಜವಾಗಿಯೂ ಕಾದಿದ್ದರು, ಒಬ್ಬೊಬ್ಬರನ್ನೂ ನಾನೇ ಕಂಡು ಬಂದಿದ್ದೇನೆ. ಪೆನ್ನು ಕೊಟ್ಟಿದ್ದನ್ನೂ ನಾನು ಮರೆತಿಲ್ಲ. ನಿನ್ನನ್ನು ಕ್ಷಮಿಸಲು ಬರೆದ ಪತ್ರ ಇದಲ್ಲ.

ಹಾಗಾದರೆ ಯಾಕೆ ಬರೆದೆ ಎಂದು ಕೇಳಬಹುದು. ನನಗೂ ಸರಿಯಾಗಿ ಗೊತ್ತಿಲ್ಲ. ಇದನ್ನು ಹೇಳಬಹುದಾದ ಬೇರೆ ಯಾರೂ ನನಗೆ ಉಳಿದಿಲ್ಲ, ಅದಿರಬಹುದು. ಗೊತ್ತಾದರೆ ರಾಜೇಶ್ರೀಯ ಸೀಟು ಹೋಗುತ್ತದೆ, ನನ್ನ ಕೆಲಸವೂ ಹೋಗಬಹುದು, ಅಪ್ಪ ಸಂತೆಯಲ್ಲಿ ತಲೆ ಎತ್ತಲಾರ. ಎಲ್ಲ ತಿಳಿದೇ ಬರೆದು ಕೆಳಗೆ ಸಹಿ ಹಾಕುತ್ತಿದ್ದೇನೆ.

ಮಲ್ಲಿಕಾ


ಗಾಜಿಪುರ, ಕಲಬುರಗಿ
18 ಜೂನ್ 2025

ಮಲ್ಲಿಕಾ,

ನಿನ್ನ ಪತ್ರ ಸೋಮವಾರ ಬಂತು. ಮಂಗಳವಾರ ಬೆಳಿಗ್ಗೆ ಇಂದೂಬಾಯಿಯವರ ಕೈಗೆ ಕೊಟ್ಟೆ. ಅವರು ಓದಿ ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.

ಮಂಜುಷಾ